ತಲೆದಿಂಬಿನೊಳಗಿನ ಮಂಡಾಳು

ಹಡಗಿನಿಂದ ಯಾರೂ ಎದ್ದು ಬಸ್ಸು ಹತ್ತಿ ಹೋಗಲಾರರು. ಈ ಒಂದೇ ಕಾರಣಕ್ಕೆ ನಾನು ಆ ಪ್ರವಾಸಕ್ಕೆ ಒಪ್ಪಿದೆ. ಸಮುದ್ರ ನೋಡುವ ಹಂಬಲ ನನಗಿರಲಿಲ್ಲ. ನನಗೆ ಬೇಕಾಗಿದ್ದುದು ನನ್ನ ಗಂಡನ ಅಕ್ಕನ ಬಾಯಿಂದ ಒಂದು ಮಾತು. ಅದಕ್ಕಾಗಿ ನಲವತ್ತೊಂದು ವರ್ಷ ಕಾಯ್ದಿದ್ದೆ. ಮಾತು ಆ ವಿಷಯದ ಹತ್ತಿರ ಸುಳಿದಾಗಲೆಲ್ಲ ಆಕೆ "ಯವ್ವಾ, ಗಂಗಾವತಿ ಬಸ್ ಬರೂ ಹೊತ್ತಾತು" ಎಂದು ಚೀಲ ಎತ್ತಿಕೊಳ್ಳುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಹಿರಿಯಳು. ಬಹುವಚನ ಸಲ್ಲಬೇಕಾದವಳು, ಎದುರಿಗೆ ಸಲ್ಲಿಸುತ್ತಲೂ ಬಂದಿದ್ದೇನೆ. ಬರವಣಿಗೆಯಲ್ಲಿ ಅದು ನನ್ನಿಂದ ಆಗದು.

ನಡೆದದ್ದು ಇಷ್ಟು. ನಾನು ಕುಷ್ಟಗಿಯ ಮಗಳು. ಮದುವೆಯಾಗಿ ಬಂದದ್ದು ಯಲಬುರ್ಗಾ ತಾಲೂಕಿನ ಮಂಗಳೂರಿಗೆ. ನಾಗರಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಮನೆಯ ಮಗಳು ಗಂಡನ ಮನೆಯಿಂದ ತವರಿಗೆ ಬರುತ್ತಾಳೆ, ಮನೆಯ ಸೊಸೆ ತನ್ನ ತವರಿಗೆ ಹೊರಡುತ್ತಾಳೆ. ಮದುವೆಯಾದ ವರ್ಷದ ಪಂಚಮಿಗೆ ನನ್ನನ್ನು ಕರೆದೊಯ್ಯಲು ಕುಷ್ಟಗಿಯಿಂದ ನನ್ನಣ್ಣ ಬಂದಿದ್ದ. ನಾದಿನಿ, ಅಂದರೆ ಗಂಡನ ಆ ಅಕ್ಕ, ಎರಡು ದಿನ ಮೊದಲೇ ಗಂಗಾವತಿಯಿಂದ ಬಂದಿಳಿದಿದ್ದಳು. ನಾನು ಹೊರಡುವ ದಿನ ಬೆಳಿಗ್ಗೆ, ಹಬ್ಬದ ಉಂಡೆ ಕಟ್ಟಲೆಂದು ಕಾಯಿಸಿಟ್ಟ ತುಪ್ಪದ ಗಡಿಗೆಯಲ್ಲಿ ತುಪ್ಪ ಮೂರು ಬೆರಳಿನಷ್ಟು ಇಳಿದಿರುವುದು ಅತ್ತೆಯ ಕಣ್ಣಿಗೆ ಬಿತ್ತು. ಅತ್ತೆ ಯಾರ ಹೆಸರನ್ನೂ ಎತ್ತಲಿಲ್ಲ. ನಾದಿನಿ ಎದ್ದು ಬಂದು ನನ್ನ ಮುಂದೆ ನಿಂತಳು.

"ಟ್ರಂಕ್ ತಗಿಯವಾ, ನೋಡೂಣು."

ಪಡಸಾಲೆಯಲ್ಲಿ ನನ್ನನ್ನೂ ಸೇರಿಸಿ ಹನ್ನೊಂದು ಜನರಿದ್ದರು. ನಾನು ಕೀಲಿ ಕೊಟ್ಟೆ. ಆಕೆ ಸೀರೆಗಳನ್ನು ಒಂದೊಂದಾಗಿ ಎತ್ತಿ, ಮಡಿಕೆ ಬಿಡಿಸಿ, ಮೂಗಿಗೆ ಹಿಡಿದು ಮೂಸಿದಳು. ಕುಪ್ಪಸಗಳನ್ನೂ ಬಿಡಲಿಲ್ಲ. ನನ್ನಣ್ಣ ಹೊಸ್ತಿಲ ಬಳಿ ಒಂದು ಕಾಲನ್ನು ಚಪ್ಪಲಿಯಲ್ಲಿ ತೂರಿಸಿ ಹಾಗೆಯೇ ನಿಂತಿದ್ದ. ಏನೂ ಸಿಗಲಿಲ್ಲ. "ಇಲ್ಲ ಬಿಡು" ಎಂದು ಆಕೆ ಕೈ ಕೊಡವಿಕೊಂಡು ಒಳಗೆ ಹೋದಳು. ಬಿಡಿಸಿದ ಸೀರೆಗಳನ್ನು ನಾನೇ ಮಡಿಸಿಟ್ಟುಕೊಂಡೆ. ನನ್ನಣ್ಣ ಬದುಕಿದ್ದ ತನಕ ಮತ್ತೆ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯಲಿಲ್ಲ.

ಏನೂ ಸಿಗಲಿಲ್ಲವಲ್ಲ, ಅಲ್ಲಿಗೆ ಮುಗಿಯಿತಲ್ಲ ಎಂದು ಯಾರಾದರೂ ಅಂದಾರು. ಮುಗಿಯಲಿಲ್ಲ. ಸಿಗದಿರುವುದು ಬೇರೆ, ನಿರ್ದೋಷಿ ಎನಿಸಿಕೊಳ್ಳುವುದು ಬೇರೆ. ನಾನು ಪಂಚಮಿ ಮುಗಿಸಿ ಹಿಂತಿರುಗಿದಾಗ ತುಪ್ಪದ ಗಡಿಗೆ ನನ್ನ ಕೈಗೆ ಎಟುಕದ ಮೇಲಿನ ಹಲಗೆಗೆ ಏರಿತ್ತು. ನಾವು ಕೊಪ್ಪಳಕ್ಕೆ ಮನೆ ಬದಲಿಸುವ ತನಕ ಅದು ಅಲ್ಲಿಂದ ಇಳಿಯಲಿಲ್ಲ.

ಇನ್ನು ಹಡಗಿನ ವಿಷಯ. ನಮ್ಮವರ ನಿವೃತ್ತ ಗೆಳೆಯರ ಗುಂಪೊಂದು ಮುಂಬಯಿಯಿಂದ ಮೂರು ರಾತ್ರಿಯ ಹಡಗು ಪ್ರವಾಸ ಗೊತ್ತುಮಾಡಿತು. ನಮ್ಮವರು ನಮ್ಮಿಬ್ಬರ ಹೆಸರು ಬರೆಸಿ ಬಂದರು. ಸುದ್ದಿ ಗಂಗಾವತಿಗೆ ಮುಟ್ಟಿತು. ಎರಡನೆಯ ದಿನ ನಾದಿನಿಯೂ ಹೆಸರು ಬರೆಸಿದಳು. ಒಂದೇ ಕೋಣೆ, ಮೂರು ಹಾಸಿಗೆ. ಬೇರೆ ಯಾವ ವರ್ಷವಾದರೂ ನಾನು ಆಗಲೇ ಹಿಂದೆ ಸರಿಯುತ್ತಿದ್ದೆ. ಈ ಸಲ ಸುಮ್ಮನಿದ್ದೆ.

ಹೊರಡುವ ಮುನ್ನ ಟಿಕೆಟ್ಟಿನ ಕಾಗದಗಳನ್ನು ತರಲು ಮೂವರೂ ಗಂಗಾವತಿಯ ಪ್ರವಾಸ ಕಚೇರಿಗೆ ಹೋದೆವು. ಮೇಜಿನ ಹಿಂದೆ ಕುಳಿತವನು ನಮ್ಮ ಗುರುತಿನ ಚೀಟಿಗಳನ್ನು ನೋಡಿ, "ಮಂಗಳೂರಿನವರೇನ್ರಿ? ಹಂಗಾರ ಸಮುದ್ರ ನಿಮಗೇನು ಹೊಸಾದಲ್ಲ ಬಿಡ್ರಿ" ಎಂದ. ಎರೆಭೂಮಿಯ ನಡುವೆ ನಮ್ಮದೂ ಒಂದು ಮಂಗಳೂರು ಇದೆ, ಅದು ಅವನ ಊರಿನಿಂದ ಬಸ್ಸಿಗೆ ಹೋಗಿ ಬರುವಷ್ಟು ದೂರದಲ್ಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನು ತಿಳಿಸಿದೆ. ಅವನು ನಕ್ಕ. ಅವನು ನಕ್ಕದ್ದನ್ನೂ ನಾನು ನೆನಪಿಟ್ಟಿದ್ದೇನೆ.

"ಇನ್ನೊಂದ್ ಮಾತ್ರಿ ಅಜ್ಜಿಯಾರ," ಎಂದ ಅವನು, "ಮನಿಯಿಂದ ತಿನ್ನೂದು ಒಂದ್ ಕಾಳೂ ತರಂಗಿಲ್ರಿ. ಗೇಟಿನ್ಯಾಗ ಮಶಿನ್ ಹಚ್ಚಿ ನೋಡತಾರ. ಹಡಗಿನ್ಯಾಗ ಇಪ್ಪತ್ನಾಕ್ ತಾಸೂ ಊಟ ಇರತೈತಿ."

ನಾದಿನಿ ಮುಂದೆ ಬಾಗಿದಳು. "ಒಗ್ಗರಣಿ ಮಿರ್ಚಿ ಇರತೈತೇನು?"

"ಪಿಜ್ಜಾ ಇರತೈತ್ರಿ. ನೂಡಲ್ಸ್ ಇರತೈತಿ. ಕೇಕ್ ಅಂತೂ ಹತ್ತ್ ನಮೂನಿ."

"ಮುಂಜಾನೆದ್ದು ಕೇಕ್ ತಿನ್ನಾಕ ದಿನಾ ನನ್ನ ಹುಟ್ಟಿದಹಬ್ಬ ಏನೋ?"

ಆಕೆಯ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ಮಂಡಕ್ಕಿಗೆ ನಮ್ಮ ಕಡೆ ಮಂಡಾಳು ಎನ್ನುತ್ತಾರೆ. ಮಂಡಾಳನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ ಇಟ್ಟರೆ ಅದು ಒಗ್ಗರಣಿ ಮಿರ್ಚಿ. ಗಂಗಾವತಿಯಲ್ಲಿ ಬೆಳಗು ಹುಟ್ಟುವುದೇ ಅದರಿಂದ. ನಾದಿನಿ ಎಷ್ಟೋ ದಶಕಗಳಿಂದ ಬೆಳಗಿನ ಏಳು ಗಂಟೆಗೆ ಮನೆಯ ಹತ್ತಿರದ ಅಂಗಡಿಯೊಂದಕ್ಕೆ ನಡೆದು ಹೋಗುತ್ತಾಳೆ. ಗಂಡ ತೀರಿದ ಮೇಲೆ ಹನ್ನೆರಡು ದಿನ ಮಾತ್ರ ತಪ್ಪಿಸಿದಳು. ಅಂಗಡಿಯಾತ ಈಕೆ ತಿರುವಿನಲ್ಲಿ ಕಂಡ ಕೂಡಲೇ ಬಾಣಲೆಗೆ ಎರಡು ಮೆಣಸಿನಕಾಯಿ ಬಿಡುತ್ತಾನೆ. ಆ ತಿಂಡಿಯಿಲ್ಲದೆ ಆಕೆಗೆ ಹೊಟ್ಟೆ ಹಗುರಾಗುವುದಿಲ್ಲ, ತಲೆ ನಿಲ್ಲುವುದಿಲ್ಲ, ಮಾತೂ ಹೊರಡುವುದಿಲ್ಲ. ಮಾತೇ ಹೊರಡದಿದ್ದರೆ ನನ್ನ ಕೆಲಸ ಹೇಗಾದೀತು?

ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಆಕೆ ಕೊಪ್ಪಳಕ್ಕೆ ನಮ್ಮ ಮನೆಗೆ ಬಂದಳು. ಚೀಲದಲ್ಲಿ ಎರಡು ಸೇರು ಮಂಡಾಳಿತ್ತು.

"ಬಾಯಾರ, ಇದನ್ನ ಹಡಗಿಗೆ ಏರಸೂ ಹಾದಿ ಹೇಳ್ರಿ."

ಶಾಲೆಯ ಶಿಕ್ಷಕಿಯನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಆಕೆ ನನ್ನನ್ನು ಹಾಗೆ ಕರೆಯುವುದು ಗೌರವಕ್ಕಲ್ಲ.

"ತರಬಾರದು ಅಂತ ಹೇಳ್ಯಾರಲ್ರಿ ಅಕ್ಕಾರ."

"ಹೇಳ್ಯಾರ. ನೀ ಮೂವತ್ತ್ ವರ್ಷ ಪರೀಕ್ಷಾದಾಗ ಹುಡುಗ್ಯಾರ ಜಂಪರ ತೋಳಿನ್ಯಾಗಿಂದ ಚೀಟಿ ಹಿರದು ತಗದಾಕಿ. ಎಲ್ಲೆಲ್ಲಿ ಬಚ್ಚಿಡತಾರ ಅನ್ನೂದು ನಿನಗ ಗೊತ್ತಿಲ್ಲೇನು? ಕಳ್ಳರ ಹಾದಿ ಪೊಲೀಸರಿಗಽ ಗೊತ್ತಿರತೈತಿ."

ಕಳ್ಳರು ಎಂಬ ಶಬ್ದವನ್ನು ಆಕೆ ಎಷ್ಟು ಸಲೀಸಾಗಿ ಬಳಸಿದಳು ಎಂಬುದನ್ನು ನಾನು ಗಮನಿಸಿದೆ. ಆದರೂ ಅವಕಾಶವನ್ನು ಬಿಡಲಿಲ್ಲ.

"ಹಾದಿ ಹೇಳ್ತೀನ್ರಿ. ಆದರ ಹಡಗಿನ ಮ್ಯಾಲ ನಾ ಒಂದ್ ಮಾತು ಕೇಳ್ತೀನಿ. ಎದ್ದು ಹೋಗಂಗಿಲ್ಲ."

ಆಕೆ ಯಾವ ಮಾತೆಂದು ಕೇಳಲಿಲ್ಲ. "ಎದ್ದು ಎಲ್ಲಿಗೆ ಹೋಗ್ಲಿ? ನೀರಾಗೇನು?" ಎಂದಳು.

ನಾನು ಮಾಡಿದ್ದು ಮೋಸವೇ. ನಿಯಮಗಳ ಕಾಗದವನ್ನು ಮೂರು ಸಲ ಓದಿದ್ದೆ. ದಿಂಬಿನೊಳಗೆ ಏನಿರಬೇಕೆಂದು ಅದರಲ್ಲಿ ಬರೆದಿಲ್ಲವೆಂಬ ವಾದವೂ ಹೊಳೆದಿತ್ತು. ಆದರೆ ಅಂಥ ವಾದವನ್ನು ನನ್ನ ಮುಂದೆ ಹೂಡಿದ ವಿದ್ಯಾರ್ಥಿನಿಯರನ್ನೇ ನಾನು ಒಪ್ಪಿದವಳಲ್ಲ. ನನಗೆ ಬೇಕಾದದ್ದು ಸಿಗುವ ಹಾದಿ ಇದೊಂದೇ ಎನಿಸಿತು, ಮಾಡಿದೆ. ಪ್ರಯಾಣದಲ್ಲಿ ಕತ್ತಿಗೆ ಹಾಕಿಕೊಳ್ಳುವ ದಿಂಬೊಂದನ್ನು ಪೇಟೆಯಲ್ಲಿ ಕೊಂಡೆ. ಹೊಲಿಗೆ ಬಿಚ್ಚಿ, ಒಳಗಿನ ಹತ್ತಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಮಂಡಾಳು ತುಂಬಿ, ಅದೇ ಬಣ್ಣದ ದಾರದಿಂದ ಮೊದಲಿದ್ದ ತೂತುಗಳಲ್ಲಿಯೇ ಸೂಜಿ ಹಾಯಿಸಿ ಹೊಲಿದೆ. ಸಾಸಿವೆ, ಬೆಳ್ಳುಳ್ಳಿ, ಶೇಂಗಾ, ಕರಿಬೇವು, ಮೆಣಸಿನಕಾಯಿ, ಅರಿಸಿನ, ಹುಣಸೆರಸ ಎಲ್ಲ ಹಾಕಿ ಎಣ್ಣೆ ಬಿಡುವ ತನಕ ಹುರಿದ ಒಗ್ಗರಣೆ ಖಾಲಿಯಾದ ಲೇಹ್ಯದ ಡಬ್ಬಿಗೆ ಹೋಯಿತು. ಪುಟಾಣಿ ಹಿಟ್ಟು ಹೊಟ್ಟೆಯ ಚೂರ್ಣದ ಡಬ್ಬಿಗೆ ಹೋಯಿತು. ನಮ್ಮವರು ಪತ್ರಿಕೆ ಓದುತ್ತ ಇದೆಲ್ಲವನ್ನೂ ನೋಡಿದರು. "ನೀವಿಬ್ಬರೂ ಇಷ್ಟ್ ಛಲೋ ಕೂಡೂದು ನಾ ಇವತ್ತಽ ನೋಡಿದ್ದು" ಎಂದಷ್ಟೇ ಹೇಳಿದರು.

ಮಿರ್ಚಿ ಬೇಡವೆಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ಎಣ್ಣೆಯ ವಾಸನೆಯನ್ನು ಯಾವ ಹೊಲಿಗೆಯೂ ತಡೆಯದು. ಆಕೆ ತಲೆಯಾಡಿಸಿದ್ದಳು.

ತಲೆಯಾಡಿಸಿ ಏನು ಮಾಡಿದ್ದಳೆಂಬುದು ಮುಂಬಯಿಯ ಬಂದರಿನಲ್ಲಿ ತಿಳಿಯಿತು. ರೈಲಿಗೆ ಹೊರಡುವ ದಿನವೇ ಅಂಗಡಿಯಾತನಿಂದ ನಲವತ್ತು ಮಿರ್ಚಿಗಳನ್ನು ಎರಡು ಸಲ ಕರಿಸಿಕೊಂಡು, ಸ್ಟೀಲ್ ಡಬ್ಬಿಗೆ ತುಂಬಿ, ಸೀರೆಗಳ ನಡುವೆ ಇಟ್ಟಿದ್ದಳು. ಯಂತ್ರದಿಂದ ಆಕೆಯ ಚೀಲ ಹೊರಗೆ ಬಂದ ಕೂಡಲೇ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಅದನ್ನು ಬದಿಗೆ ಎಳೆದುಕೊಂಡಳು. ನಮ್ಮ ಹಿಂದೆ ಉದ್ದ ಸಾಲಿತ್ತು. ಎಪ್ಪತ್ತೆರಡರ ನಾದಿನಿ ಮಂಡಾಳಿನ ದಿಂಬನ್ನು ಕತ್ತಿಗೆ ಹಾಕಿಕೊಂಡು ಆ ಮೇಜಿನ ಮುಂದೆ ನಿಂತಳು.

ಆ ಹೆಣ್ಣುಮಗಳು ಡಬ್ಬಿ ತೆಗೆದಿಟ್ಟಳು. ಅಷ್ಟಕ್ಕೆ ಬಿಡಲಿಲ್ಲ. ಇನ್ನೇನಾದರೂ ಇದೆಯೋ ಎಂದು ಸೀರೆಗಳನ್ನು ಒಂದೊಂದಾಗಿ ಎತ್ತಿ, ಮಡಿಕೆ ಬಿಡಿಸಿ, ಮೂಗಿನ ಹತ್ತಿರ ಹಿಡಿದಳು.

ಈ ದೃಶ್ಯವನ್ನು ನಾನು ನಲವತ್ತೊಂದು ವರ್ಷಗಳಲ್ಲಿ ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ ಲೆಕ್ಕವಿಲ್ಲ. ಕಲ್ಪನೆಯಲ್ಲಿ ಜಾಗ ಬೇರೆ ಬೇರೆ ಇರುತ್ತಿತ್ತು, ಮೂಸುವವರು ಬೇರೆ ಬೇರೆ ಇರುತ್ತಿದ್ದರು. ನಾನು ಮಾತ್ರ ಯಾವಾಗಲೂ ಎದುರಿಗೆ ಕೈಕಟ್ಟಿ ನಿಂತು ನೋಡುತ್ತಿದ್ದೆ, ನೋಡಿ ತಣ್ಣಗಾಗುತ್ತಿದ್ದೆ. ಈಗ ಅದು ಕಣ್ಣೆದುರಿಗೆ ನಡೆಯುತ್ತಿತ್ತು. ಆಕೆಯ ತಲೆ ಸಣ್ಣಗೆ ನಡುಗುತ್ತಿತ್ತು. ನಡುಗಿದಾಗಲೆಲ್ಲ ದಿಂಬಿನೊಳಗೆ ಮಂಡಾಳು ಸರಸರ ಎನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಫೋನು ಎತ್ತಿ ಹಿಡಿದಿದ್ದರು. ನನಗೆ ತಣ್ಣಗಾಗಲಿಲ್ಲ. ನನ್ನ ಕೈ ನನಗೆ ಅರಿವಾಗುವ ಮೊದಲೇ ಮುಂದೆ ಹೋಗಿ ಆ ಸೀರೆಯನ್ನು ಹಿಡಿದಿತ್ತು.

"ಕಪಡೇ ಮತ್ ಸೂಂಘಿಯೇ," ಎಂದೆ, ಪಠ್ಯಪುಸ್ತಕದ ಹಿಂದಿಯಲ್ಲಿ. "ಡಿಬ್ಬಾ ಮಿಲ್ ಗಯಾ. ಡಿಬ್ಬಾ ಲೀಜಿಯೇ."

ಬಟ್ಟೆ ಮೂಸಬೇಡಿ, ಡಬ್ಬಿ ಸಿಕ್ಕಿತಲ್ಲ, ಡಬ್ಬಿ ತೆಗೆದುಕೊಳ್ಳಿ. ಆ ಹೆಣ್ಣುಮಗಳು ನನ್ನನ್ನು ನೋಡಿದಳು, ನಾದಿನಿಯನ್ನು ನೋಡಿದಳು. "ಸಾರಿ, ಮಾಜೀ" ಎಂದಳು. ಸೀರೆಗಳನ್ನು ಮಡಿಸಿ, ಚೀಲದಲ್ಲಿ ಹೊಂದಿಸಿ, ಚೈನು ಎಳೆದು ಕೊಟ್ಟಳು. ಸಾರಿ ಎನ್ನಲು ಅವಳಿಗೆ ಹಿಡಿದದ್ದು ಒಂದು ಉಸಿರಿನ ಹೊತ್ತು. ನಲವತ್ತು ಮಿರ್ಚಿಗಳು ನಮ್ಮ ಕಣ್ಣೆದುರಿಗೇ ದೊಡ್ಡದೊಂದು ಕಸದ ಡಬ್ಬಿಗೆ ಬಿದ್ದವು. ದಿಂಬಿನ ಮೇಲೆ ಅವಳು ಒಮ್ಮೆ ಕೈಯಾಡಿಸಿದಳು. "ಕತ್ತು ನೋವು" ಎಂದು ನಾದಿನಿ ಗಂಗಾವತಿಯ ಹಿಂದಿಯಲ್ಲಿ ಹೇಳಿದಳು. ಅವಳು ತಲೆಯಾಡಿಸಿ ಬಿಟ್ಟಳು.

ಆ ಸಂಜೆ ನಾದಿನಿ ಊಟದ ಮನೆಗೆ ಬರಲಿಲ್ಲ. ಹಡಗು ದಡ ಬಿಟ್ಟದ್ದನ್ನು ಎಲ್ಲರೂ ಮೇಲೆ ನಿಂತು ನೋಡುವಾಗ ಆಕೆ ಕೋಣೆಯ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಿರ್ಚಿ ಹೋದ ದುಃಖವೆಂದು ನಮ್ಮವರು ತಿಳಿದರು. ನಾನೂ ಹಾಗೆಯೇ ತಿಳಿದೆ. ಕೇಳಬೇಕಾದ ಮಾತನ್ನು ಆ ಸಂಜೆ ಕೇಳಲಿಲ್ಲ. ಹಸಿದವರನ್ನು ವಿಚಾರಿಸುವುದು ಸರಿಯಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ, ನಮ್ಮವರು ಕೈಬೀಸಿ ನಡೆಯುವ ವ್ಯಾಯಾಮಕ್ಕೆ ಮೇಲೆ ಹೋದ ಮೇಲೆ, ನಾನು ದಿಂಬಿನ ಹೊಲಿಗೆ ಬಿಚ್ಚಿದೆ. ಮುಖ ತೊಳೆಯುವ ಬೇಸಿನ್ನನ್ನು ಸಾಬೂನಿನಿಂದ ಮೂರು ಸಲ ತಿಕ್ಕಿ, ಕುಡಿಯುವ ನೀರು ತುಂಬಿ, ಮಂಡಾಳು ನೆನೆಸಿದೆ. ನಾದಿನಿ ಎದ್ದು ಬಂದು ಅದನ್ನು ಮುಷ್ಟಿಮುಷ್ಟಿಯಾಗಿ ಹಿಂಡಿದಳು. ಐಸ್ ಇಡಲೆಂದು ಕೋಣೆಯಲ್ಲಿದ್ದ ಪಾತ್ರೆಯಲ್ಲಿ ಕಲಸಿದೆವು. ಪಾತ್ರೆಯ ಮೇಲೆ ಟವೆಲ್ ಮುಚ್ಚಿಕೊಂಡು ಹಡಗಿನ ಹಿಂಭಾಗದ, ಯಾರೂ ಕೂರದ ಮೂಲೆಯ ಎರಡು ಕುರ್ಚಿಗಳಿಗೆ ಹೋದೆವು. ಹಿಂದಿನ ರಾತ್ರಿ ನಾನು ಊಟದ ಮನೆಯ ಹಸಿ ತರಕಾರಿಯ ತಟ್ಟೆಯಿಂದ ನಾಲ್ಕು ಹಸಿಮೆಣಸಿನಕಾಯಿ ತಂದಿದ್ದೆ. ಕೇಳಿ ತಂದದ್ದು.

ಸುತ್ತ ನೀರು, ನೀರಿನ ಮೇಲೆ ಎಳೆ ಬಿಸಿಲು. ಆಕೆ ಒಂದು ತುತ್ತು ತಿಂದು, ಮೆಣಸಿನಕಾಯಿಯ ತುದಿ ಕಚ್ಚಿ, ಕಣ್ಣು ಮುಚ್ಚಿದಳು.

"ಉಪ್ಪು ಕಡಿಮಿ ಆಗೈತಿ."

"ಹಡಗಿನ ಸುತ್ತೆಲ್ಲಾ ಅದಽ ಐತಿ, ಅದ್ದಿಕೊಂಡ್ ತಿನ್ರಿ."

ಆಕೆ ನಕ್ಕಳು. ನಾಲ್ಕು ತುತ್ತಿನ ನಂತರ ತಾನಾಗಿಯೇ ಕೇಳಿದಳು: "ನಿನ್ನೆ ನೀ ನಡುವ ಯಾಕ ಬಂದಿ?"

"ಸೀರಿ ಮೂಸಾಕತ್ತಿದ್ಲಲ್ರಿ."

"ಮೂಸಲಿ ಬಿಡಬೇಕಿತ್ತು. ನೀ ನಗಬೇಕಿತ್ತು. ನಾ ನಿನ್ನ ಮಾರಿ ನೋಡಾಕತ್ತಿದ್ದೆ, ಯಾವಾಗ ನಗತಾಳ ಅಂತ."

ಕೇಳಬೇಕೆಂದು ಕಟ್ಟಿಕೊಂಡು ಬಂದ ವಾಕ್ಯಗಳು ಬಾಯಿಗೆ ಬರಲಿಲ್ಲ. ಅವು ಚೆನ್ನಾಗಿ ಕಟ್ಟಿದ ವಾಕ್ಯಗಳಾಗಿದ್ದವು. ಆಕೆ ಪಾತ್ರೆಯನ್ನು ಕಾಲಿನ ಮೇಲಿಟ್ಟುಕೊಂಡು ನೀರನ್ನು ನೋಡುತ್ತ ಹೇಳಿದಳು.

"ಆ ತುಪ್ಪ ನಾನಽ ತಗೊಂಡಿದ್ದೆ."

ಹಡಗಿನ ಯಂತ್ರದ ಸದ್ದು ಕಾಲಿನ ಕೆಳಗೆ ನಡೆದೇ ಇತ್ತು.

"ಆವಾಗ ನಮ್ಮವ್ರ ಯಾಪಾರ ಮುಳಗಿತ್ತು. ಮನ್ಯಾಗ ಬರೇ ಒಣಾ ರೊಟ್ಟಿ, ಕೆಂಪ್ ಖಾರ. ನಾ ನಾಕ್ ತಿಂಗಳ ಬಸರಿ, ಎರಡನೇದು. ರೊಟ್ಟಿ ಗಂಟಲದಾಗ ಇಳೀತಿರಲಿಲ್ಲ. ಮಲಗಿದ್ರ ತುಪ್ಪದ ವಾಸನಿ ಬರ್ತಿತ್ತು, ಖರೇನ. ಅವ್ವನ್ನ ಕೇಳಿದ್ರ ಕೊಡ್ತಿದ್ಲು. ಕೊಟ್ಟು, ಮಗಳ ಮನ್ಯಾಗ ತುಪ್ಪಕ್ಕೂ ಗತಿ ಇಲ್ಲ ಅಂತ ಅಪ್ಪನ ಮುಂದ ಅಳತಿದ್ಲು. ಗಂಡನ ಮನಿ ಮಾನ ತವರಾಗ ಹರಾಜ್ ಹಾಕಲೇನು? ಒಂದ್ ಡಬ್ಬಿಗೆ ಬಗ್ಗಿಸಿಕೊಂಡು ಚೀಲದಾಗ ಇಟ್ಕೊಂಡೆ."

"ಮತ್ತ ನನ್ನ ಟ್ರಂ..."

"ಗಡಿಗಿ ನೋಡಿದ ಕೂಡ್ಲೆ ಅವ್ವ ನನ್ನ ಕಡೆ ನೋಡಿದ್ಲು. ನನಗ ಹೆದರಿಕಿ ಆತು. ಮಗಳ ಚೀಲ ಯಾರೂ ಬಿಚ್ಚಂಗಿಲ್ಲ. ಸೊಸಿ ಟ್ರಂಕ್ ಯಾರ್ ಬೇಕಾದ್ರೂ ಬಿಚ್ಚಬಹುದು. ಬಿಚ್ಚಿದೆ. ಸಿಗಂಗಿಲ್ಲ ಅನ್ನೂದು ನನಗ ಗೊತ್ತಿತ್ತಲ್ಲ. ಗೊತ್ತಿದ್ರೂ ಮೂಸಿದೆ."

ನಾನು ಕಾಯುತ್ತ ಬಂದದ್ದು ಅನುಮಾನಪಟ್ಟವಳ ಒಂದು ತಪ್ಪೊಪ್ಪಿಗೆಗೆ. ಈಗ ತಿಳಿದದ್ದು, ಆಕೆ ಒಂದು ಕ್ಷಣವೂ ನನ್ನ ಮೇಲೆ ಅನುಮಾನಪಟ್ಟಿರಲೇ ಇಲ್ಲ. ಇದು ಮೊದಲಿನದಕ್ಕಿಂತ ದೊಡ್ಡ ಅಪರಾಧ. ಆದರೂ ಆ ಬೆಳಿಗ್ಗೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅಪರಾಧವಲ್ಲ. ರೊಟ್ಟಿ ಗಂಟಲಲ್ಲಿ ಇಳಿಯದ ಮೂವತ್ತೊಂದರ ಹೆಂಗಸು, ತನ್ನ ತಾಯಿಯ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಗಡಿಗೆ ಬಗ್ಗಿಸುತ್ತಿರುವುದು. ನಾನು ಬೇಡವೆಂದರೂ ಆ ಚಿತ್ರ ಹೋಗಲಿಲ್ಲ. ಕರುಣೆ ಹೀಗೆ ಅಪ್ಪಣೆ ಕೇಳದೆ ಒಳಗೆ ಬರುವುದು ನನಗೆ ಹಿಡಿಸುವುದಿಲ್ಲ.

"ಹನ್ನೊಂದ್ ಮಂದಿ ಮುಂದ ಬಿಚ್ಚಿದ್ರಿ," ಎಂದೆ. "ನನ್ನೊಬ್ಬಾಕಿ ಮುಂದ ಹೇಳಿದ್ರ ಮುಗೀತೇನ್ರಿ?"

"ಮತ್ತ? ಹಡಗಿನ ಮೈಕಿನ್ಯಾಗ ಹೇಳಲೇನು?"

"ನಿಮ್ಮ ತಮ್ಮನ ಮುಂದ ಹೇಳ್ರಿ."

ಆಕೆ ಪಾತ್ರೆಯಲ್ಲಿ ಉಳಿದದ್ದನ್ನು ಪೂರ್ತಿ ತಿಂದಳು. ಆಮೇಲೆ ಎದ್ದಳು.

ನಮ್ಮವರು ಊಟದ ಮನೆಯಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ತಟ್ಟೆ ತುಂಬ ಪಪ್ಪಾಯಿ ಇಟ್ಟುಕೊಂಡು ಕುಳಿತಿದ್ದರು. ನಾದಿನಿ ಎದುರು ಕುಳಿತು, ಪೀಠಿಕೆಯಿಲ್ಲದೆ, ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದಳು. ನಮ್ಮವರು ಮುಳ್ಳುಚಮಚವನ್ನು ಕೆಳಗಿಟ್ಟರು. ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದೆ.

"ನನಗ ಗೊತ್ತಿತ್ತಲ್ಲ," ಎಂದರು.

"ಏನ್ ಗೊತ್ತಿತ್ತು?" ಎಂದು ಕೇಳಿದ್ದು ಇಬ್ಬರೂ ಒಟ್ಟಿಗೆ.

"ಪಂಚಮಿ ಮುಗಿಸಿ ಅಕ್ಕ ಹೋಗೂ ದಿನ ಚೀಲ ಬಸ್ಸಿಗೆ ಏರಿಸಿದ್ದು ನಾನು. ತುಪ್ಪ ಸೋರಿ ಕೈಗೆಲ್ಲಾ ಹತ್ತಿತ್ತು. ಬೋರಿನ ನೀರಾಗ ತೊಳಕೊಂಡು ಮನಿಗೆ ಬಂದೆ."

"ನಲವತ್ತೊಂದ್ ವರ್ಷ!" ಎಂದೆ. ಪಕ್ಕದ ಮೇಜಿನವರು ತಿರುಗಿದರು, ತಿರುಗಲಿ. "ನಲವತ್ತೊಂದ್ ವರ್ಷ ಗಡಿಗಿ ಮ್ಯಾಲಿನ ಹಲಗಿಗೆ ಯಾಕ ಏರಿತ್ತು ಅನ್ನೂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ್ ಕುಂತ್ರಿ?"

"ಹೇಳಿದ್ರ ಅಕ್ಕನ ಮನಿ ಕತಿ ಎಲ್ಲಾರ ಬಾಯಾಗ ಬರ್ತಿತ್ತು. ನಿನಗರ ಏನಾಗಿತ್ತು? ನಿನ್ನ ಟ್ರಂಕಿನ್ಯಾಗ ಏನೂ ಸಿಕ್ಕಿರಲಿಲ್ಲಲ್ಲ!"

ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ನಾದಿನಿ. "ಏ ಮೂಳಾ," ಎಂದಳು, ಅರವತ್ತೊಂಬತ್ತರ ತಮ್ಮನಿಗೆ, "ನಾ ಹೆದರಿ ಸುಮ್ನಿದ್ದೆ. ನಿನಗೇನ್ ಧಾಡಿ ಆಗಿತ್ತು? ಕಟ್ಟಿಕೊಂಡ ಹೆಂಡ್ತಿಗಿ ಒಂದ್ ಮಾತು, ಬಾಗಲಾ ಹಾಕ್ಕೊಂಡರ ಹೇಳಾಕ ಬರ್ತಿದ್ದಿಲ್ಲೇನು?"

ನಮ್ಮವರು ಪಪ್ಪಾಯಿಯನ್ನೇ ನೋಡುತ್ತ ಕುಳಿತರು. ಆ ಪಡಸಾಲೆಯ ಹನ್ನೊಂದು ಜನರನ್ನು ನಾನು ಆಗ ಮನಸ್ಸಿನಲ್ಲಿಯೇ ಎಣಿಸಿದೆ. ಅತ್ತೆ, ಮಾವ, ಸೋದರತ್ತೆ, ದೊಡ್ಡಪ್ಪ, ನೆರೆಮನೆಯವರು, ನನ್ನಣ್ಣ. ಎಂಟು ಜನ ತೀರಿಕೊಂಡಿದ್ದಾರೆ. ಉಳಿದ ಮೂವರೂ ಆ ಮೇಜಿನಲ್ಲಿದ್ದೆವು. ಇನ್ನು ಯಾರ ಮುಂದೆ ಹೇಳಿಸಲಿ? ಆದರೆ ಎಣಿಕೆ ನನ್ನಣ್ಣನ ಬಳಿ ಬಂದು ನಿಂತುಬಿಟ್ಟಿತು. ನೀರು ಕುಡಿಯದೆ ಹೋದವನು ಅವನು. ಅವನಿಲ್ಲ, ಅವನ ಹೆಂಡತಿ ಕುಷ್ಟಗಿಯ ಮನೆಯಲ್ಲಿದ್ದಾರೆ.

"ಊರು ಮುಟ್ಟಿದ ಮ್ಯಾಲ ಇಬ್ಬರೂ ನನ್ನ ಕೂಡ ಕುಷ್ಟಗಿಗೆ ಬರಬೇಕು," ಎಂದೆ. "ಅಲ್ಲಿ ನಮ್ಮ ಅತ್ತಿಗಿ ಮುಂದ ಹೇಳಬೇಕು. ನಮ್ಮಣ್ಣ ಆಕೀ ಮುಂದ ಎಷ್ಟ್ ಸಲ ಹೇಳಿಕೊಂಡು ಸಂಕಟಪಟ್ಟಾನೋ ಏನೋ."

ನಮ್ಮವರು ಏನೋ ಹೇಳಹೋದರು. ನಾದಿನಿ ಕೈಯೆತ್ತಿ ತಡೆದಳು. "ಬರ್ತೀವಿ" ಎಂದಳು.

ಉಳಿದ ಎರಡು ದಿನ ನಾನು ನಮ್ಮವರೊಂದಿಗೆ ಮಾತಾಡಲಿಲ್ಲ. ಮಂಡಾಳು ಇನ್ನೊಂದು ಬೆಳಗಿಗೆ ಸಾಕಾಯಿತು.

ಕುಷ್ಟಗಿಗೆ ಹೋದದ್ದು ಹಿಂತಿರುಗಿದ ಮೂರನೆಯ ದಿನ. ಅತ್ತಿಗೆ ಚಾಪೆ ಹಾಸಿ, ನೀರು ಕೊಟ್ಟು, ಚಹಾಕ್ಕೆ ಇಟ್ಟರು. ನಾನೇ ಮಾತು ತೆಗೆದೆ. "ಅತ್ತಿಗಿ, ಆ ತುಪ್ಪದ ವಿಷಯಕ್ಕ ಬಂದೀವ್ರಿ."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. "ಯಾವ ತುಪ್ಪ?"

"ನನ್ನ ಮೊದಲನೇ ಪಂಚಮಿಗೆ ಅಣ್ಣ ಕರಕೊಂಡು ಹೋಗಾಕ ಬಂದಾಗ... ಅವಾ ಹೇಳಿಲ್ಲೇನ್ರಿ? ಆ ಮನ್ಯಾಗ ಅವಾ ನೀರು ಯಾಕ ಕುಡೀತಿರಲಿಲ್ಲ ಅನ್ನೂದು?"

"ಅಲ್ಲಿ ನೀರು ಸವಳು, ಹೊಟ್ಟಿಗಿ ಆಗಂಗಿಲ್ಲ ಅಂತಿದ್ರು. ಮತ್ತೇನೂ ಹೇಳಿಲ್ಲವಾ."

ಹೆಂಡತಿಗೂ ಹೇಳಿರಲಿಲ್ಲ. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಅಲ್ಲ. ತಂಗಿಯ ಟ್ರಂಕು ಹನ್ನೊಂದು ಜನರ ಮುಂದೆ ಬಿಚ್ಚಲ್ಪಟ್ಟಿತು ಎಂಬ ಮಾತು ತನ್ನ ಮನೆಯಲ್ಲಿಯೂ ಹುಟ್ಟಬಾರದೆಂದು, ಸವಳು ನೀರಿನ ಸುಳ್ಳು ಹೇಳಿಕೊಂಡು ಕಾಲ ಕಳೆದಿದ್ದ. ಅಕ್ಕನ ಮಾನಕ್ಕಾಗಿ ಬಾಯಿ ಮುಚ್ಚಿದ ಒಬ್ಬ ತಮ್ಮನ ಮೇಲೆ ನಾನು ಒಂದು ವಾರದಿಂದ ಕೆಂಡ ಕಾರುತ್ತಿದ್ದೆ; ಈಗ ತಂಗಿಯ ಮಾನಕ್ಕಾಗಿ ಬಾಯಿ ಮುಚ್ಚಿದ ಅಣ್ಣನ ಮನೆಯಲ್ಲಿ ಕುಳಿತಿದ್ದೆ. ಎರಡೂ ಒಂದೇ ಎಂದು ನಾನು ಒಪ್ಪುವುದಿಲ್ಲ. ನಮ್ಮವರ ಮೌನದ ಭಾರವನ್ನು ಹೊತ್ತವಳು ನಾನು. ನನ್ನಣ್ಣನ ಮೌನದ ಭಾರವನ್ನು ಹೊತ್ತವನು ಅವನೇ. ಆದರೆ ಎರಡೂ ಬೇರೆ ಬೇರೆ ಎಂದು ಮೊದಲಿನಷ್ಟು ಗಟ್ಟಿಯಾಗಿ ಹೇಳುವ ಧೈರ್ಯವೂ ಆ ಚಾಪೆಯ ಮೇಲೆ ನನಗೆ ಉಳಿಯಲಿಲ್ಲ. ನಮ್ಮವರತ್ತ ತಿರುಗಿದೆ. ಅವರು ಗೋಡೆಯ ಮೇಲಿನ ನನ್ನಣ್ಣನ ಪಟವನ್ನು ನೋಡುತ್ತಿದ್ದರು.

ಈಗ ಹೇಳಲೇಬೇಕಾದ ಅಗತ್ಯ ಇರಲಿಲ್ಲ. ಅತ್ತಿಗೆಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಬಿಡಬಹುದಿತ್ತು. ನಾನೇ "ಏನಿಲ್ಲ ಬಿಡ್ರಿ, ಹಳೇದು" ಎನ್ನಲು ಬಾಯಿ ತೆರೆದಿದ್ದೆ.

ನಾದಿನಿ ಮುಂದೆ ಸರಿದು ಅತ್ತಿಗೆಯ ಕೈ ಹಿಡಿದು ಕೂರಿಸಿದಳು.

"ಚಾ ಆಮ್ಯಾಲ ಆಗಲಿ, ಕುಂದ್ರವಾ. ನಾ ಹೇಳ್ತೀನಿ. ನಾ ನನ್ನ ತವರಾಗ ತುಪ್ಪ ಕದ್ದಾಕಿ," ಎಂದು ಶುರುಮಾಡಿದಳು.

ಮೊದಲಿನಿಂದ ಹೇಳಿದಳು. ಒಣ ರೊಟ್ಟಿಯನ್ನು ಹೇಳಿದಳು, ಗಡಿಗೆ ಬಗ್ಗಿಸಿದ್ದನ್ನು ಹೇಳಿದಳು, ಕೀಲಿ ಇಸಿದುಕೊಂಡದ್ದನ್ನು, ಕುಪ್ಪಸಗಳನ್ನು ಮೂಸಿದ್ದನ್ನು, ಹೊಸ್ತಿಲಲ್ಲಿ ನಿಂತವನ ಮುಖ ನೋಡಲಾಗದೆ ಒಳಗೆ ಹೋದದ್ದನ್ನು ಹೇಳಿದಳು. ಕೆಲವು ಕಡೆ ಕ್ರಮ ತಪ್ಪಿತು. ಒಂದು ಕಡೆ ನನ್ನ ಸೀರೆಯ ಬಣ್ಣ ತಪ್ಪಾಯಿತು. ಅತ್ತಿಗೆ ಅಳುತ್ತ ಕೇಳುತ್ತಿದ್ದರು. ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲುವ ಸದ್ದು ಬಂತು, ಯಾರೂ ಏಳಲಿಲ್ಲ. ನಾನು ಕೊನೆಯ ತನಕ ಒಂದು ಮಾತನ್ನೂ ತಿದ್ದಲಿಲ್ಲ.